ಸ್ಪ್ರಿಂಗ್ ಮೇಷ್ಟ್ರ ಅರ್ಧ ತಲೆ

ಎಲ್ಲಕ್ಕೂ ಮೂಲ ಹೆಂಡತಿ ಬೆಳಗ್ಗೆ ಆಡಿದ ಒಂದು ಮಾತು.

"ಸಂದರ್ಶನಕ್ಕೆ ಈ ತಲೇಲಿ ಹೋದ್ರೆ, ಹಾಸಿಗೆಯಿಂದ ನೇರ ಎದ್ದು ಬಂದಿದಾರೆ ಅಂದ್ಕೋತಾರೆ."

ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರಿಗೆ 'ಸ್ಪ್ರಿಂಗ್' ಎಂಬ ಅಡ್ಡಹೆಸರು ಬಂದದ್ದೇ ಗುಂಗುರು ಕೂದಲಿನಿಂದ. ಆ ತಲೆಯೊಳಗೆ ಹೊಕ್ಕ ಬಾಚಣಿಗೆ ಹಲ್ಲು ಕಳೆದುಕೊಂಡೇ ಹೊರಬರುತ್ತಿತ್ತು. ಈಗ ಉಪಮುಖ್ಯೋಪಾಧ್ಯಾಯರ ಕುರ್ಚಿ ಖಾಲಿಯಾಗಿ, ಅದಕ್ಕೆ ಅಂದೇ ಸಂದರ್ಶನವಿತ್ತು. ದಿನವಿಡೀ ಪಾಠ ಹೇಳಿ ಹೇಳಿ ಮೇಷ್ಟ್ರ ಗಂಟಲು ಒಡೆದ ಪೀಪಿಯಂತಾಗಿತ್ತು. ಮಾತು ಕಡಿಮೆ ಮಾಡದಿದ್ದರೆ ದನಿಯೇ ಹೋದೀತು ಎಂದು ವೈದ್ಯರೂ ಹೆದರಿಸಿದ್ದರು. ಆ ಕುರ್ಚಿ ಸಿಕ್ಕರೆ ಗಂಟಲಿಗೆ ಬಿಡುಗಡೆ.

ಪಕ್ಕದ ಮನೆಯ ಪಾರ್ಲರ್ ಅಕ್ಕ ಬಿಸಿ ಇಕ್ಕಳ ಹಿಡಿದು ಬಂದರು. ಒಂದೊಂದೇ ಎಳೆಯನ್ನು ಒತ್ತಿ ಎಳೆದು, ಮೇಷ್ಟ್ರ ಕೂದಲನ್ನು ಇಸ್ತ್ರಿ ಹಾಕಿದ ಪಂಚೆಯಂತೆ ನೇರ ಮಾಡಿದರು. ನೀರು ಮಾತ್ರ ಸೋಕಬಾರದು ಎಂದು ಎಚ್ಚರಿಸಿಯೂ ಹೋದರು.

ಮೇಷ್ಟ್ರು ಗೇಟು ದಾಟುತ್ತಿದ್ದಂತೆ, ಮೇಲಿನ ಮನೆಯ ಅಜ್ಜಿ ಹೂಕುಂಡಕ್ಕೆ ಸುರಿದ ನೀರು ಗುರಿಯಿಟ್ಟಂತೆ ಅವರ ತಲೆಯ ಎಡಭಾಗಕ್ಕೆ ಬಿತ್ತು. ಅಜ್ಜಿ ಮೇಲಿನಿಂದಲೇ, ಒದ್ದೆ ತಲೆಯಲ್ಲಿ ಓಡಾಡಿದರೆ ಶೀತ ಆಗುತ್ತೆ ಎಂದು ಬುದ್ಧಿ ಹೇಳಿದರು.

ಶಾಲೆಗೆ ಓಡಿದರೆ ಅಲ್ಲಿ ಚರಿತ್ರೆಯ ಮೇಷ್ಟ್ರು. ಅದೇ ಕುರ್ಚಿಗೆ ಅವರೂ ಅರ್ಜಿ ಹಾಕಿದ್ದರು. ಆದರೂ ಅಯ್ಯೋ ಪಾಪ ಎಂದು ಇವರ ಕೈಹಿಡಿದು ಕರೆದೊಯ್ದು, ಬೆಚ್ಚಗೆ ಒಣಗಲಿ ಎಂದು ಕುದಿಯುವ ಚಹಾದ ಪಾತ್ರೆಯ ಪಕ್ಕ ಕೂರಿಸಿದರು. ಉಪಕಾರವೋ ಉಪಾಯವೋ, ದೇವರೇ ಬಲ್ಲ. ಆವಿ ಬಡಿದದ್ದೇ ತಡ, ಎಡಗಡೆಯ ಕೂದಲು ನಿದ್ದೆಯಿಂದೆದ್ದ ಹಾವಿನ ಮರಿಗಳಂತೆ ಒಂದೊಂದಾಗಿ ಸುತ್ತಿಕೊಂಡಿತು. ಬಲಗಡೆ ಹಾಗೇ ನೇರ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಆಡಳಿತ ಮಂಡಳಿಯ ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇದೇನು ಮೇಷ್ಟ್ರೇ, ಅರ್ಧ ತಲೆ ಬೇರೆಯವರದ್ದಾ?"

ಮೇಷ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬೇರೇನೂ ಹೊಳೆಯದೆ ಅವರು ತಮಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಇಳಿದರು: ಪಾಠ. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು, ಅವು ಒಂದನ್ನೊಂದು ಕೈಹಿಡಿದು ನಿಂತಿರುತ್ತವೆ ಎಂದರು. ಗಂಧಕದ ಹಿಡಿತ ಗಂಡ ಹೆಂಡಿರದ್ದು, ಸುಲಭಕ್ಕೆ ಬಿಡದು. ಹೈಡ್ರೋಜನ್ನಿನ ಹಿಡಿತ ಬಸ್ಸಿನಲ್ಲಿ ಸಿಕ್ಕ ಸ್ನೇಹದಂತೆ ಸಡಿಲ. ಬಿಸಿ ಮುಟ್ಟಿಸಿದರೆ ಈ ಸಡಿಲ ಹಿಡಿತ ಬಿಡುತ್ತದೆ. ಎಳೆದು ಆರಿಸಿದರೆ ನೇರವಾಗಿಯೇ ಮತ್ತೆ ಹಿಡಿದುಕೊಳ್ಳುತ್ತದೆ. ನೀರು ಸೋಕಿತೋ, ಹಳೆಯ ಚಾಳಿಗೆ ಮರಳುತ್ತದೆ. ಬಲಗಡೆ ಬಿಸಿಯ ಪ್ರತಾಪ, ಎಡಗಡೆ ಅಜ್ಜಿಯ ನೀರಿನ ಪ್ರತಾಪ.

ಮಂಡಳಿಯವರೆಲ್ಲ ತಂತಮ್ಮ ಕೂದಲು ಎಳೆದು ನೋಡಿಕೊಂಡರು. ಒಬ್ಬರಂತೂ ಎದ್ದು ಬಂದು ಮೇಷ್ಟ್ರ ತಲೆಯ ಎರಡೂ ಕಡೆ ಮುಟ್ಟಿ ಹೋದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದೆ ಎಂದುಕೊಂಡ ಮೇಷ್ಟ್ರು ಮನಸ್ಸಿನಲ್ಲೇ ಆ ಕುರ್ಚಿಗೆ ಒರಗಿ ಕೂತರು.

ಮಧ್ಯಾಹ್ನ ಇಬ್ಬರನ್ನೂ ಒಳಗೆ ಕರೆದು ಅಧ್ಯಕ್ಷೆ ತೀರ್ಮಾನ ಹೇಳಿದರು.

"ಇಂಥ ಪಾಠ ನಾನು ಹುಟ್ಟಿದಾಗಿಂದ ಕೇಳಿರ್ಲಿಲ್ಲ. ನಿಮ್ಮನ್ನ ಕುರ್ಚೀಲಿ ಕೂರಿಸಿ ಹಾಳು ಮಾಡೋಕಾಗತ್ತಾ? ಚರಿತ್ರೆ ಮೇಷ್ಟ್ರ ಪಾಠಕ್ಕೆ ಮಕ್ಕಳು ಹೇಗೂ ನಿದ್ದೆ ಮಾಡ್ತಾರೆ, ಕುರ್ಚೀಲಿ ಅವ್ರೇ ಕೂತ್ಕೊಳ್ಳಿ. ಅವ್ರ ತರಗತಿಗಳನ್ನೂ ಇನ್ಮೇಲೆ ನೀವೇ ತಗೊಳ್ಳಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಅದನ್ನು ಆನಂದವೆಂದು ತಿಳಿದ ಅಧ್ಯಕ್ಷೆ, ನಾಳೆ ತಪಾಸಣೆಗೆ ಬರುವವರಿಗೂ ಇದೇ ಪಾಠ ಆಗಬೇಕು, ತಲೆಯೂ ಹೀಗೇ ಇರಬೇಕು ಎಂದರು.

ಹಣೆಯಿಂದ ಇಳಿದ ಬೆವರು ಮೇಷ್ಟ್ರ ಬಲಗಿವಿಯ ಕಡೆಗೆ ಹರಿಯಿತು. ಅದನ್ನು ಮೊದಲು ಕಂಡವರು ಚರಿತ್ರೆಯ ಮೇಷ್ಟ್ರೇ. ಅವರು ಗಂಟಲು ಸರಿಮಾಡಿಕೊಂಡು, ಉಪಮುಖ್ಯೋಪಾಧ್ಯಾಯರಾಗಿ ತಮ್ಮ ಮೊದಲ ಅಪ್ಪಣೆ ಹೊರಡಿಸಿದರು.

"ಬಲಗಡೆ ಸುತ್ಕೊಳ್ತಾ ಇದೆ ಮೇಷ್ಟ್ರೇ. ಬೇಗ ಮನೆಗೆ ಹೋಗಿ ಎಳೆಸ್ಕೊಂಡು ಬನ್ನಿ, ನನ್ನ ತರಗತಿಗೆ ಹೊತ್ತಾಯ್ತು."