ಹಳೇ ಕಾರು ಕೊಟ್ಟ ಶಾಕ್‌ಗಳು

ಕಾರಿನ ಬ್ಯಾಟರಿಗೆ ಹನ್ನೆರಡೇ ವೋಲ್ಟು, ಅದು ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ ಅನ್ನುತ್ತಾರೆ. ಹಾಗೆ ಅಂದವರು ಸಿಂಧನೂರಿನ ಮಸ್ಕಿ ರಸ್ತೆಯಲ್ಲಿರುವ ನನ್ನ ಆಟೊ ಎಲೆಕ್ಟ್ರಿಕ್ ಅಂಗಡಿಗೆ ಬಂದಿಲ್ಲ. ಹಳೇ ಕಾರಿನ ವೈರಿಂಗ್ ಬಿಚ್ಚಿ ಕುಳಿತಾಗಲೆಲ್ಲ ಇಲ್ಲಿ ಯಾರಾದರೊಬ್ಬರು ಹೌಹಾರುತ್ತಾರೆ. ಬಹಳ ಸಲ ಅದು ನಾನೇ.

ಎಡಕ್ಕೆ ತಿರುಗಿದರೆ

ಲಿಂಗಸುಗೂರಿನ ಬಟ್ಟೆ ವ್ಯಾಪಾರಿಯೊಬ್ಬರು ಹಳೇ ಬಿಳಿ ಕಾರು ತಂದರು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಮುಖ ಆಚೆ ತಿರುಗಿಸಿಕೊಂಡು ಕುಳಿತಿದ್ದರು.

"ಸ್ಟೀರಿಂಗ್ ಎಡಕ್ಕ ತಿರುವಿದ್ರ ತಾನ ಹಾರ್ನ್ ಒದರತೈತ್ರೀ. ನಮ್ಮ ಓಣಿಗೆ ಎಡಕ್ಕೇ ತಿರುವಬೇಕು. ಆ ಮೂಲಿಮನಿ ಹಿಂದ ಕುಂತ ಇವರದು. ನಡುವಿನ ಗ್ವಾಡಿ ಕಟ್ಟೋ ಸಲುವಾಗಿ ಜಗಳ ಆಗಿ ನಾವು ಮಾತು ಬಿಟ್ಟೀವಿ. ನಾ ಅಣಕಿಸಾಕ ಹಾರ್ನ್ ಹೊಡೀತೀನಂತ ತಿಳ್ಕೊಂಡು ಇವರು ಬಡಿಗಿ ಹಿಡ್ಕೊಂಡು ಬಾಗಲದಾಗ ಕುಂದರಾಕತ್ತಾರ. ನೀವ ತೋರಸ್ರಿ ಅಂತ ಕರ್ಕೊಂಡ ಬಂದೀನಿ."

ನಾನು ಆ ಮೂಲೆಮನೆಯವರನ್ನೇ ಸ್ಟೀರಿಂಗ್ ಮುಂದೆ ಕೂರಿಸಿ ಎಡಕ್ಕೆ ತಿರುಗಿಸಲು ಹೇಳಿದೆ. ಹಾರ್ನ್ ಕಿರುಚಿಕೊಂಡಿತು. ಅವರು ಕೆಂಡ ಮುಟ್ಟಿದವರ ಹಾಗೆ ಕೈ ತೆಗೆದರು. "ಅಯ್ಯಯ್ಯ! ನಾ ಒತ್ತೇ ಇಲ್ರೀ!"

"ನಾನೂ ಅದನ್ನ ಹೇಳಾಕತ್ತಿದ್ದೆ," ಅಂದರು ವ್ಯಾಪಾರಿ, ಕಣ್ಣಲ್ಲಿ ನೀರು ತುಂಬಿಕೊಂಡು.

ಒಳಗಿನ ವೈರು ಸವೆದು ಕಬ್ಬಿಣಕ್ಕೆ ತಾಗುತ್ತಿತ್ತು. ಸರಿ ಮಾಡಿದೆ. ಇಬ್ಬರೂ ಮುಂದಿನ ಸೀಟಿನಲ್ಲೇ ಕುಳಿತು ಮಾತಾಡುತ್ತ ಊರಿಗೆ ಹೋದರು. ನನಗೋ ಪುಣ್ಯ ಕಟ್ಟಿಕೊಂಡಷ್ಟು ಖುಷಿ.

ಕೆಲವು ದಿನದ ಮೇಲೆ ಮೂಲೆಮನೆಯವರ ಫೋನ್ ಬಂತು. "ಅಂವನ ಸೊಕ್ಕು ನೋಡ್ರಿ! ಈಗ ನಮ್ಮ ಮನಿ ಮುಂದ ಒಂದು ಹಾರ್ನ್ ಸುದ್ದಾ ಹೊಡಿಯಂಗಿಲ್ಲ. ಸುಮ್ಮನ ಹೋಗ್ತಾನ!"

ಬಡಿಗೆ

ಸಾಲಗುಂದದ ರೈತರ ಕಾರು ಭತ್ತದ ಚೀಲಗಳ ಪಕ್ಕದಲ್ಲೇ ನಿಲ್ಲುತ್ತಿತ್ತು. ಬ್ರೇಕ್ ತುಳಿದರೆ ವೈಪರ್ ಆಡುತ್ತದೆ ಅನ್ನುವುದು ಅವರ ದೂರು. ಇಲಿ ವೈರು ಕಡಿದು ಒಂದಕ್ಕೊಂದು ತಾಗಿಸಿರಬೇಕು ಅಂದುಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ ಕೈ ಹಾಕಿದೆ. ನನ್ನ ಊಹೆ ಸರಿಯಿತ್ತು. ಆದರೆ ಇಲಿ ಇನ್ನೂ ಒಳಗೇ ಇತ್ತು.

ಅದು ಸರ್ರನೆ ನನ್ನ ಅಂಗಿಯ ತೋಳಿನೊಳಗೆ ನುಗ್ಗಿತು. ನಾನು ಕೈಕಾಲು ಬಡಿಯುತ್ತ "ಆ... ಆ..." ಅಂದೆನೇ ಹೊರತು ಮಾತು ಹೊರಡಲಿಲ್ಲ.

"ಕರೆಂಟ್ ಹಿಡದೈತಿ! ಯಾರೂ ಮುಟ್ಟಬ್ಯಾಡ್ರಿ!" ರೈತರು ಕೂಗಿದರು.

ಪಕ್ಕದ ಚಹಾ ಹೋಟೆಲಿನವರು ಒಣ ಬಡಿಗೆ ಹಿಡಿದು ಓಡಿಬಂದು ನನ್ನ ಮೊಣಕಾಲಿಗೆ ಎರಡು ಬಿಗಿದರು. ಆ ಪೆಟ್ಟಿಗೆ ನಾನು ಕಾರಿನಿಂದ ಹೊರಗೆ ಉರುಳಿದೆ.

"ಬಿಡ್ತೇನ್ರೀ ಕರೆಂಟು?" ಅಂದರು ಬಡಿಗೆ ಎತ್ತಿಕೊಂಡೇ.

"ಕರೆಂಟ್ ಹಿಡದಿದ್ದಿಲ್ಲೋ ಮಾರಾಯ, ಇಲಿ ಹೊಕ್ಕೈತಿ!"

"ಎಲ್ಲೈತಿ?" ಅಂತ ಅವರು ಮತ್ತೆ ಬಡಿಗೆ ಎತ್ತಿದರು.

ಡಿಕ್ಕಿ

ಹಟ್ಟಿ ಗಣಿಯಲ್ಲಿ ಕೆಲಸ ಮಾಡುವವರೊಬ್ಬರು ಬಂದರು. ಕಾರು ಒಂದು ರಾತ್ರಿ ನಿಂತರೆ ಬ್ಯಾಟರಿ ಖಾಲಿ. ಶಿಫ್ಟಿಗೆ ಹೋಗಲಾಗದೆ ಮೇಲಿನವರಿಂದ ಬೈಸಿಕೊಂಡು ಸಾಕಾಗಿದ್ದರು. ಜೊತೆಗೆ ಅವರ ಅಕ್ಕನ ಗಂಡ, ಮಸ್ಕಿಯವರು, ದಪ್ಪ ಆಸಾಮಿ.

ಹುಡುಕುತ್ತ ಹೋದಾಗ ಹಿಂದಿನ ಡಿಕ್ಕಿಯೊಳಗಿನ ದೀಪದ ಮೇಲೆ ನನಗೆ ಅನುಮಾನ ಬಂತು. ಬಾಗಿಲು ಮುಚ್ಚಿದ ಮೇಲೂ ಅದು ಉರಿಯುತ್ತಿದೆಯೋ ಏನೋ. ನೋಡುವುದು ಹೇಗೆ?

"ನಾ ಒಳಗ ಮಲಗತೀನಿ, ಮುಚ್ಚರಿ," ಅಂದರು ಮಸ್ಕಿಯವರು. ನಾವು ಬೇಡ ಅನ್ನುವುದರೊಳಗೆ ಹತ್ತಿ ಮಲಗಿಬಿಟ್ಟರು. ಮುಚ್ಚಿದೆವು. ಬೀಗ ಸಿಕ್ಕಿಕೊಂಡಿತು. ಕೀಲಿ ತಿರುಗಲಿಲ್ಲ.

ಅಷ್ಟರಲ್ಲಿ ಒಳಗೆ ಅವರ ಫೋನ್ ರಿಂಗಾಯಿತು. ಹೆಂಡತಿಯದು. "ಎಲ್ಲಿದ್ದೀರಿ?"

"ಸಿಂಧನೂರಾಗ... ನಿನ್ನ ತಮ್ಮನ ಕಾರು... ಡಿಕ್ಕಿಯಾಗ..." ಅಷ್ಟೇ. ತಗಡಿನ ಡಬ್ಬಿಯೊಳಗೆ ನೆಟ್‌ವರ್ಕ್ ಹೋಯಿತು.

ಮಸ್ಕಿಯಲ್ಲಿ ಆ ತಾಯಿ ಬೊಬ್ಬೆ ಹೊಡೆದು ಓಣಿ ಕೂಡಿಸಿದ್ದರು. ನಮಗೇನು ಗೊತ್ತು? ನಾವು ಇಲ್ಲಿ ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿ ಹಿಂದಿನ ಸೀಟು ಕಿತ್ತು, ಅವರ ಕಾಲು ಹಿಡಿದು ಎಳೆಯುತ್ತಿದ್ದೆವು. ಕೊನೆಗೂ ಅವರು ಹೊರಗೆ ಬಂದರು. ಮೈಯೆಲ್ಲ ಧೂಳು, ಗ್ರೀಸು. ಕೂರಿಸಿ ಕೈಗೆ ಚಹಾ ಕೊಟ್ಟೆ.

ಆಗ ಮಸ್ಕಿ ಕಡೆಯಿಂದ ಬಂದ ಟಂಟಂ ಗಾಡಿಯೊಂದು ಈ ಕಾರು ಕಂಡು ಅಂಗಡಿ ಮುಂದೆ ನಿಂತಿತು. ತುಂಬ ಜನ. ಎಲ್ಲರೂ ಅಳುತ್ತಿದ್ದರು. ಮೊದಲು ಇಳಿದ ಹೆಂಗಸು ಸೀಟು ಕಿತ್ತ ಕಾರು ನೋಡಿ ನೆಲಕ್ಕೆ ಕುಸಿದರು. ಆಮೇಲೆ ಚಹಾ ಕುಡಿಯುತ್ತಿದ್ದ ಗಂಡನನ್ನು ನೋಡಿ ಕುಳಿತಲ್ಲಿಂದಲೇ ಕೂಗಿದರು.

"ಡಿಕ್ಕಿ ಆಗೈತಿ ಅಂದ್ರಲ್ಲ!"

"ಡಿಕ್ಕಿ ಆಗೈತಿ ಅನ್ಲಿಲ್ಲೇ, ಡಿಕ್ಕಿಯಾಗ ಅದೀನಿ ಅಂದೆ!"

ಯಾರಿಗೂ ನಗುವ ಧೈರ್ಯವಿಲ್ಲ. ನಾನೇ ಕೇಳಿದೆ: "ಅದಿರಲಿ, ಒಳಗ ದೀಪ ಆರಿತ್ತೇನ್ರೀ?"

"ಯಾರಿಗ್ಗೊತ್ತು? ನೀವು ಮುಚ್ಚಿದ ಕೂಡಲೇ ಅಂಜಿ ಕಣ್ಣು ಮುಚ್ಚೀನಿ. ಫೋನ್ ಸುದ್ದಾ ತಡಕ್ಯಾಡಿ ಎತ್ತೀನಿ."

ಅವರ ಹೆಂಡತಿ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಹಂಗಾದ್ರ ಹತ್ರಿ ಮತ್ತ ಒಳಗ. ಈ ಸಲ ನಾ ಮುಚ್ಚತೀನಿ!"