ರೋಬೋಟಿನ ಕೈಗುಣ

ನಮ್ಮ ಸೋದರಮಾವನ ಗಡ್ಡ ಕೆರೆಯುವವರೂ ಒಂದು ಪರೀಕ್ಷೆ ಪಾಸಾಗಿರಬೇಕು ಎಂದರೆ ನೀವು ನಂಬುವುದಿಲ್ಲ! ಹರದನಹಳ್ಳಿಯಲ್ಲಿ ಅರಿಶಿನ, ಚೆಂಡು ಹೂವು ಬೆಳೆಯುವ ಈ ಮನುಷ್ಯನಿಗೆ ಲೋಕವೆಲ್ಲ ನಿಂತಿರುವುದು ಕೈಗುಣದ ಮೇಲೆ. ಹಸುವಿಗೆ ಸೂಜಿ ಚುಚ್ಚುವವರಿರಲಿ, ಕ್ಷೌರದವರಿರಲಿ, ಮೊದಲು ಅವರ ಕೈಯಿಂದ ಒಂದು ಚೆಂಡು ಹೂವಿನ ಬೀಜ ಹಾಕಿಸುತ್ತಾನೆ. ಮೊಳೆತರೆ ಕೆಲಸ, ಇಲ್ಲದಿದ್ದರೆ ನಮಸ್ಕಾರ!

ನಾನು ಎಂಟನೇ ವಯಸ್ಸಿಗೇ ಫೇಲಾದವನು. ನಾನು ನೆಟ್ಟ ಕರಿಬೇವು ಒಣಗಿತು, ದಾಸವಾಳ ಒಣಗಿತು, ಎಲ್ಲಿ ಎಸೆದರೂ ಚಿಗುರುವ ನುಗ್ಗೆಯ ಕೊಂಬೆಯೂ ಒಣಗಿತು. "ಗಿಡ ಮುಟ್‌ಬ್ಯಾಡ ಕಣ್ಲಾ, ನಿನ್ ಕೈ ತಾಕಿದ್ದೆಲ್ಲ ಒಣಗೋಯ್ತದೆ" ಎಂಬುದೇ ಅಂದಿನಿಂದ ನನಗೆ ಮಾವನ ಆಶೀರ್ವಾದ. ಈಗ ನಾನು ಚಾಮರಾಜನಗರದಲ್ಲಿ ಮೇಷ್ಟ್ರು. ಅವನ ಹೊಲದಲ್ಲಿ ಇಂದಿಗೂ ಕೈಕಟ್ಟಿಕೊಂಡೇ ನಡೆಯುತ್ತೇನೆ.

ಇಂಥ ಮಾವನಿಗೆ ಗುದನಾಳದ ಕ್ಯಾನ್ಸರ್ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದಾಗ ನಾನು ಹಣೆ ಚಚ್ಚಿಕೊಂಡೆ. ಮೂಲವ್ಯಾಧಿ ಅಂದುಕೊಂಡು ಆರು ತಿಂಗಳು ಮಜ್ಜಿಗೆ ಕುಡಿಸಿದ್ದೆವಲ್ಲ! ಬೇಗ ಆಪರೇಷನ್ ಆದರೆ ಉಳಿಯುತ್ತಾನೆ ಎಂದರು. ದಾರಿ ಎರಡು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ, ಡಾಕ್ಟರು ಪಕ್ಕದಲ್ಲೇ ನಿಂತು ಉದ್ದನೆಯ ಸಲಕರಣೆಗಳಿಂದ ಗಡ್ಡೆ ತೆಗೆಯುವುದು. ಇನ್ನೊಂದರಲ್ಲಿ ತೂತುಗಳು ಹಾಗೆಯೇ, ಆದರೆ ಒಳಗಿಳಿಯುವುದು ರೋಬೋಟಿನ ಕೈ.

"ರೋಬೋಟಾ!" ಮಾವ ಕುರ್ಚಿಯಿಂದ ಎದ್ದೇ ಬಿಟ್ಟ. "ಕಬ್ಬಿಣಕ್ಕೆ ಕೈಗುಣ ಎಲ್ಲಿಂದ ಬಂದಾತು ಸ್ವಾಮಿ?"

"ಅದು ತಾನಾಗಿ ಏನೂ ಮಾಡಲ್ಲ ಯಜಮಾನ್ರೇ. ಆ ಕಡೆ ಕೂತು ಆಡಿಸೋ ಕೈ ನನ್ನದೇ. ಇಕ್ಕಟ್ಟಾದ ಜಾಗದಲ್ಲಿ ಸಲೀಸಾಗಿ ತಿರುಗುತ್ತೆ, ಖರ್ಚು ಜಾಸ್ತಿ" ಎಂದರು ರೋಬೋಟಿನ ಡಾಕ್ಟರು. ಲ್ಯಾಪರೋಸ್ಕೋಪಿಯ ಡಾಕ್ಟರಮ್ಮ, "ಪಳಗಿದವರು ಮಾಡಿದರೆ ನಿಮಗೆ ಎರಡೂ ಹೆಚ್ಚು ಕಡಿಮೆ ಒಂದೇ" ಎಂದರು.

ಅಷ್ಟು ಸಾಕಿತ್ತಲ್ಲವೇ? ಮಾವ ಚೀಲಕ್ಕೆ ಕೈ ಹಾಕಿ ಮಣ್ಣು ತುಂಬಿದ ಎರಡು ಮೊಸರಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ! "ಒಂದೊಂದು ಬೀಜ ಹಾಕಿ. ಯಾರ್ದು ಮೊಳೀತದೋ ಅವ್ರ ಕೈಲಿ ಕುಯ್ಸ್ಕತೀನಿ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಪುಣ್ಯಾತ್ಮರು, ಇಬ್ಬರೂ ನಗುತ್ತ ಬೀಜ ಹಾಕಿದರು. ಹೇಗೂ ಬಾಕಿ ಪರೀಕ್ಷೆಗಳಿಗೆ ಒಂದು ವಾರ ಬೇಕಿತ್ತು.

ವಾರದ ಕೊನೆಗೆ ನೋಡಿದರೆ ಎರಡೂ ಡಬ್ಬಿಯಲ್ಲಿ ಮೊಳಕೆ! "ಇದೇನ್ಲಾ ಇಂಗಾಗೋಯ್ತು?" ಎಂದು ಮಾವ ಕಂಗಾಲಾದ. "ಅದನ್ನೇ ಅಲ್ವಾ ನಾನು ಅವತ್ತು ಹೇಳಿದ್ದು?" ಎಂದರು ಡಾಕ್ಟರಮ್ಮ. ಕೊನೆಗೆ ಮಾವ ಅವರನ್ನೇ ಒಪ್ಪಿದ. "ಈಯಮ್ಮ ನನ್ ಪಕ್ಕದಲ್ಲೇ ನಿಂತಿರ್ತಾರೆ ಕಣ್ಲಾ" ಎಂದ. ಆಗಲೇ ನನಗೆ ತಿಳಿದದ್ದು, ಈ ಮನುಷ್ಯನಿಗೆ ಹೆದರಿಕೆಯಾಗಿದೆ ಎಂದು.

ಆಪರೇಷನ್ ದಿನ ಥಿಯೇಟರಿನ ಬಾಗಿಲಲ್ಲಿ ಮಾವ ಟ್ರಾಲಿ ನಿಲ್ಲಿಸಿದ. "ಡಾಕ್ಟ್ರು ಕೈ ಆಮೇಲೆ. ಮೊದ್ಲು ನೀ ಮುಟ್ಲಾ" ಎಂದು ನನ್ನ ಕೈ ಎಳೆದುಕೊಂಡ. ನಾನು ಬೆಚ್ಚಿ ಹಿಂದಕ್ಕೆಳೆದುಕೊಂಡೆ.

"ಬ್ಯಾಡ ಮಾವ! ನನ್ ಕೈ ತಾಕಿದ್ದೆಲ್ಲ ಒಣಗುತ್ತೆ ಅಂತ ನೀನೇ ಹೇಳ್ತಿದ್ದೆ."

"ಊಂ ಕಣ್ಲಾ" ಎಂದ ಮಾವ, ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿದು. "ಒಳಗಿರೋದು ಒಣಗ್‌ಬೇಕು ತಾನೇ?"

ಆ ಕೈಯನ್ನು ಕೊನೆಗೆ ನರ್ಸಮ್ಮನೇ ಬಿಡಿಸಬೇಕಾಯಿತು.