ಬೀಗರಿಗೆ ರೊಟ್ಟಿ ಮಾರುವ ಕಷ್ಟ

ವ್ಯಾಪಾರಕ್ಕೆ ಬಂಡವಾಳ ಬೇಕು ಎನ್ನುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಬಾಯಿ ಮುಚ್ಚಿಕೊಂಡಿರಲು ಬರಬೇಕು. ಎದುರಿಗೆ ಬಂದವರನ್ನು "ನಿಮ್ದು ಯಾವೂರ್ರೀ?" ಎಂದು ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಮ್ಮ ಕಲಬುರಗಿಯಲ್ಲಿ ಇದಕ್ಕೆ ಉತ್ತರ ಬಂತೆಂದರೆ ಮುಗಿಯಿತು. ಎರಡು ಮಾತಿನೊಳಗೆ ಅವರ ಸೋದರತ್ತೆ ನಮ್ಮ ದೊಡ್ಡಪ್ಪನ ಮನೆಯ ಸೊಸೆಯಾಗಿಬಿಡುತ್ತಾಳೆ. ಬೀಗರೆಂದು ಗೊತ್ತಾದ ಮೇಲೆ ರೊಟ್ಟಿ ಕೊಟ್ಟು ರೊಕ್ಕ ಕೇಳುವುದು ಹೇಗೆ?

ರೊಟ್ಟಿ ನನ್ನದಲ್ಲ, ಅಕ್ಕನದು. ಕಮಲಾಪುರದಾಚೆಯ ಗುಡ್ಡದ ಊರು ಅವಳದು. ಹೊಲದಲ್ಲಿ ತೊಗರಿಗಿಂತ ಕಲ್ಲೇ ಹೆಚ್ಚು. ಅವಳ ಗಂಡ, ನಮ್ಮ ಮಾಮಾ, ಕಲ್ಲಿನ ಗಣಿಗೆ ಹೋಗುತ್ತಿದ್ದರು, ಕೆಮ್ಮು ಹತ್ತಿ ಆ ಕೆಲಸ ಬಿಟ್ಟರು. ಆಗ ಅಕ್ಕ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿಯತೊಡಗಿದಳು. ಬಸ್ಸಿನಲ್ಲಿ ಬಂದ ರೊಟ್ಟಿಯ ಕಟ್ಟುಗಳನ್ನು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಮಾರುವ ಜವಾಬ್ದಾರಿ ನನ್ನದು. ನಾನು ಬೀಗರಿಗೆಲ್ಲ ಮರ್ಯಾದೆಯಿಂದ ಹಂಚಿದೆ. ಮೇಲೆ ನಂಜಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿಯನ್ನೂ ಕೊಟ್ಟೆ.

ಒಂದು ದಿನ ಅಕ್ಕನ ಫೋನು ಬಂತು. "ತಮ್ಮಾ, ಹಿಟ್ಟಿಗೆ ರೊಕ್ಕ ಇಲ್ಲ. ಹಿಂಗೇ ಆದ್ರ ಒಲಿ ಹಚ್ಚೂದ ಬಿಡ್ತೀನಿ. ನಿಮ್ಮ ಮಾಮಾ ಮತ್ತ ಗಣಿಗೆ ಹೊಂಟಾರ."

ಮಾಮಾನ ಆ ಕೆಮ್ಮು ನಾನು ಕೇಳಿದ್ದೆ. "ಎಲ್ಲಾರೂ ಬೀಗರಕ್ಕಾ, ಹ್ಯಾಂಗ ಕೇಳ್ಲಿ?" ಎಂದೆ. ಅವಳು ಫೋನಿಟ್ಟಳು. ಮರುದಿನ ಮೊದಲ ಬಸ್ಸಿಗೆ ರೊಟ್ಟಿಯೊಂದಿಗೆ ತಾನೇ ಬಂದಿಳಿದಳು.

ಮೊದಲು ಬಂದ ಗಿರಾಕಿ ಪಕ್ಕದ ಓಣಿಯ ಶಾಂತಪ್ಪ ಕಾಕಾ, ನಾನು ಹುಡುಕಿ ತೆಗೆದ ಬೀಗರಲ್ಲೇ ತೀರ ಹತ್ತಿರದವರು. ಅಕ್ಕ ನೀರು ಕೊಟ್ಟು ಕ್ಷೇಮ ವಿಚಾರಿಸಿದಳು. ಅವರು ಕಟ್ಟು ಎತ್ತಿಕೊಂಡಾಗ ನಗುತ್ತಲೇ ಅಂದಳು: "ಕಾಕಾ, ಬೀಗರಾಗಿ ಬಂದ್ರ ಒಳಗ ಬರ್ರಿ, ಬಿಸಿ ರೊಟ್ಟಿ ಬಡದು ಉಣಸ್ತೀನಿ. ಕಟ್ಟು ಒಯ್ಯೂದಾದ್ರ ರೊಕ್ಕ ಕೊಡ್ರಿ. ಇದು ನಮ್ಮ ಹೊಟ್ಟಿಪಾಡು."

ನಾನು ಬಾಗಿಲ ಮರೆಗೆ ಸರಿದೆ. ಕಾಕಾ ಗೊಳ್ಳೆಂದು ನಕ್ಕರು. "ನಾ ಕೊಡಾಕ ಬಂದಾಗೆಲ್ಲ ನಿನ್ನ ತಮ್ಮ ಕೈ ಹಿಡೀತಾನವ್ವಾ! ಪುಕ್ಕಟ ಒಯ್ಯಾಕ ನಾಚಿಕಿ ಬರ್ತದ. ಮುಂದ ಬ್ಯಾರೆ ಕಡಿ ತರಬೇಕಂತ ಮಾಡಿದ್ದೆ." ಹಿಂದಿನದನ್ನೂ ಸೇರಿಸಿ ಕೊಟ್ಟೇ ಹೋದರು. ಉಳಿದ ಬೀಗರೂ ಹಾಗೆಯೇ ಮಾಡಿದರು.

ಸಂಜೆ ಅಕ್ಕ ಊರಿಗೆ ಫೋನು ಹಚ್ಚಿ, "ಗಣಿಗೆ ಹೋಗೂದು ಬ್ಯಾಡ್ರಿ" ಎಂದಳು. ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ, ಉಳಿದಿದ್ದ ಒಂದು ಕಟ್ಟಿಗೆ ಕೈ ಚಾಚಿದೆ.

"ರೊಕ್ಕ?" ಎಂದಳು.

"ಅಕ್ಕಾ, ನಾ ನಿನ್ನ ತಮ್ಮ!"

"ತಮ್ಮ ಆದ್ರ ಕೈ ತೊಳ್ಕೊಂಡು ಕೂಡು, ಬಡಸ್ತೀನಿ."

ಕಿಸೆ ಮುಟ್ಟಿ ನೋಡಿಕೊಂಡೆ. ಹೋಗಿ ಕೈ ತೊಳೆದುಕೊಂಡು ಬಂದು ಕೂತೆ.